ಸಂಪು, ಟ್ಯಾಂಕು ಮತ್ತು ಕೇನ್ಸ್ ಸಾಹೇಬರು

ಅರ್ಥಶಾಸ್ತ್ರ ಓದಿದವರಲ್ಲಿ ಎರಡು ಪಂಗಡ. ಓದಿ ತಿಳಿದವರು, ಓದಿ ಪಾಸಾದವರು. ನಾನು ಎರಡನೆಯ ಪಂಗಡದ ಕೊನೇ ಬೆಂಚಿನವನು. ಬಿ.ಕಾಂ.ನಲ್ಲಿ ಆ ಪೇಪರಿಗೆ ನನಗೆ ಬಿದ್ದದ್ದು 35. ಅದರಲ್ಲಿ ನಾನು ಬರೆದು ಗಳಿಸಿದ್ದೆಷ್ಟು, ಮೌಲ್ಯಮಾಪಕರು ಮನೆಗೆ ಹೋಗುವ ಅವಸರದಲ್ಲಿ ದಯಪಾಲಿಸಿದ್ದೆಷ್ಟು ಅಂತ ವಿಂಗಡಿಸಿ ನೋಡುವ ಧೈರ್ಯ ಇವತ್ತಿಗೂ ಬಂದಿಲ್ಲ. ಬಂಧುಬಳಗಕ್ಕೆ ಇದು ಗೊತ್ತಿಲ್ಲ, ಪುಣ್ಯ. ಆಫೀಸಿನ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕೂತು ಕೂತು ಕುರ್ಚಿ ಸವೆಸಿದವನಾದ್ದರಿಂದ ದುಡ್ಡಿನ ಮರ್ಮವೆಲ್ಲ ನನಗೆ ತಿಳಿದಿರಲೇಬೇಕು ಅಂತ ಅವರ ನಂಬಿಕೆ. ಮದುವೆಮನೆಯಲ್ಲಿ ಯಾರಾದರೂ ಪಕ್ಕಕ್ಕೆ ಕರೆದು "ಚಿನ್ನ ಈಗ ತಗೋಬಹುದಾ?" ಅಂತ ಕೇಳಿದರೆ ಕನ್ನಡಕ ತೆಗೆದು, ಶಲ್ಯದ ತುದಿಯಲ್ಲಿ ಒರೆಸಿ, ಮತ್ತೆ ಏರಿಸಿಕೊಂಡು, "ಸ್ವಲ್ಪ ಕಾದು ನೋಡೋಣ" ಅನ್ನುತ್ತೇನೆ. ಚಿನ್ನ ಇಳಿದರೆ ಮುಂದಿನ ಮದುವೆಯಲ್ಲಿ ನಾನೇ ಹೋಗಿ ನೆನಪಿಸುತ್ತೇನೆ. ಏರಿದರೆ ಆ ಕಡೆಯವರ ಮದುವೆಗೆ ನನ್ನಾಕೆಯೊಬ್ಬಳನ್ನೇ ಕಳಿಸುತ್ತೇನೆ. ಪಾಂಡಿತ್ಯ ಹೀಗೆ ಸುಸೂತ್ರವಾಗಿ ನಡೆದುಕೊಂಡು ಹೋಗುತ್ತಿತ್ತು.

ಅದಕ್ಕೆ ಕಲ್ಲು ಬಿದ್ದದ್ದು ಮಗಳು ಪಿಯುಸಿಗೆ ಕಾಮರ್ಸ್ ತಗೊಂಡಾಗ. ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಬಂದು "ಅಪ್ಪಾ, ಮಲ್ಟಿಪ್ಲೈಯರ್ ಅಂದ್ರೇನು?" ಅಂದಳು. "ಊಟ ಆಗಲಿ, ನಿಧಾನಕ್ಕೆ ಹೇಳ್ತೀನಿ, ಅದು ಹಸಿದ ಹೊಟ್ಟೇಲಿ ಕೇಳೋ ವಿಷಯ ಅಲ್ಲ" ಅಂದು, ಮೊಬೈಲು ಜೇಬಿಗಿಳಿಸಿ ಬಾತ್‌ರೂಮು ಹೊಕ್ಕೆ. ನಿಮ್ಮ ಮನೆಯಲ್ಲೂ ಗಂಡಸರ ಉನ್ನತ ವ್ಯಾಸಂಗ ನಡೆಯುವುದು ಅಲ್ಲೇ ಅಂತ ನನಗೆ ಗೊತ್ತು, ಸಂಕೋಚ ಬೇಡ.

ಹುಡುಕಿದ ತಕ್ಷಣ ಸಿಕ್ಕಿದ್ದು ಇಬ್ಬರು ಅರ್ಥಶಾಸ್ತ್ರಜ್ಞರು ರ‍್ಯಾಪ್ ಹಾಡಿಕೊಂಡು ಜಗಳವಾಡುವ ವಿಡಿಯೊ. ಜಾನ್ ಪಪೋಲಾ ಅನ್ನುವ ಚಿತ್ರ ನಿರ್ದೇಶಕ, ರಸ್ ರಾಬರ್ಟ್ಸ್ ಅನ್ನುವ ಅರ್ಥಶಾಸ್ತ್ರಜ್ಞ ಸೇರಿ 2010ರಲ್ಲಿ ಮಾಡಿದ್ದು. ಜಗಳವಾಡುವ ಆ ಇಬ್ಬರು, ಕೇನ್ಸ್ ಮತ್ತು ಹಯೆಕ್, ಒಂದು ಹೋಟೆಲಿಗೆ ಸಮ್ಮೇಳನಕ್ಕೆ ಬರುತ್ತಾರೆ. ಕೇನ್ಸ್ ಬಂದರೆ ಸ್ವಾಗತವೇ ಸ್ವಾಗತ. ಹಯೆಕ್ ಯಾರು ಅಂತ ಕೌಂಟರಿನವರಿಗೇ ಗೊತ್ತಿಲ್ಲ. ರಾತ್ರಿ ಪಾರ್ಟಿ, ಕೇನ್ಸ್ ಕುಡಿದು ಕುಣಿದು ಖರ್ಚು ಮಾಡುತ್ತಾನೆ. ಬೆಳಿಗ್ಗೆ ತಲೆ ಹಿಡಿದು ಕೂತಾಗ ಹಯೆಕ್ ಪಾಠ ಶುರು ಮಾಡುತ್ತಾನೆ. ಸಾಲ ಅಗ್ಗವಾಗಿ ಸಿಕ್ಕಿದಾಗ ಮೆರೆದರೆ ಆಮೇಲೆ ಹೀಗೇ ತಲೆನೋವು ಅಂತ. ನಾನು ಮೈಮರೆತೆ. ಇಯರ್‌ಫೋನು ಹಾಲಿನ ಟೇಬಲ್ಲಿನ ಮೇಲೇ ಉಳಿದಿದೆ ಅನ್ನುವುದನ್ನೂ ಮರೆತೆ. ಒಳಗಿನಿಂದ ಡಬ್ ಡಬ್ ಅಂತ ಸದ್ದು, ನಡುನಡುವೆ ನನ್ನ ನಗು. ಅಮ್ಮ ಬಾಗಿಲು ತಟ್ಟಿ "ಮಗಾ, ಹೊಟ್ಟೆ ಸರಿ ಇದೆ ತಾನೇ? ಓಮದ ನೀರು ಕೊಡಲಾ?" ಅಂದಳು.

ಆ ರಾತ್ರಿ ಊಟವಾದ ಮೇಲೆ ಮನೆಮಂದಿಯನ್ನೆಲ್ಲ ಟಿ.ವಿ. ಮುಂದೆ ಕೂರಿಸಿ ಅದನ್ನು ದೊಡ್ಡದಾಗಿ ತೋರಿಸಿದೆ. ಉದ್ದೇಶ ಮಗಳ ವಿದ್ಯಾಭ್ಯಾಸವೊಂದೇ ಅಲ್ಲ. ನಮ್ಮ ಹಳೇ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನು ಆಗ ಹಿಂಡುವಾಗೆಲ್ಲ ಬಾತ್‌ರೂಮಿನಿಂದ ಹೊರಟು ಅಡುಗೆಮನೆ ಬಾಗಿಲವರೆಗೆ ನಡೆದುಕೊಂಡು ಬರುತ್ತಿತ್ತು. ಹೊಸದು ಬೇಕು ಅಂತ ನನ್ನಾಕೆ, ಇನ್ನೊಂದು ವರ್ಷ ತಳ್ಳೋಣ ಅಂತ ನಾನು. ಹಯೆಕ್ ಬಾಯಲ್ಲಿ ಉಳಿತಾಯದ ಮಾತು ಕೇಳಿಸಿದರೆ ಅವಳು ತಣ್ಣಗಾಗುತ್ತಾಳೆ ಅಂತ ನನ್ನ ಲೆಕ್ಕ. ಆದರೆ ನನ್ನಾಕೆ ಹೈಸ್ಕೂಲಿನಲ್ಲಿ ಗಣಿತ ಮೇಡಂ. ಅವಳಿಗೆ ಹೇಳಿಕೊಡಬೇಕಾದ್ದೇನಿದ್ದರೂ ನನಗಿಂತ ಮೊದಲೇ ಅವಳಿಗೆ ಅರ್ಥವಾಗಿಬಿಡುತ್ತದೆ.

"ಓಹೋ, ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ನಾವು ಮಷೀನ್ ತಗೊಂಡ್ರೆ ಅಂಗಡಿಯವನಿಗೆ ದುಡ್ಡು. ಅವನು ಅದರಲ್ಲಿ ಮುಕ್ಕಾಲು ಖರ್ಚು ಮಾಡಿದ್ರೆ ಇನ್ಯಾರಿಗೋ ದುಡ್ಡು, ಅವರೂ ಮುಕ್ಕಾಲು ಖರ್ಚು ಮಾಡಿದ್ರೆ... ಒಟ್ಟು ನಾಲ್ಕರಷ್ಟಾಯ್ತು. ಇದೇ ಕಣೇ ನಿನ್ನ ಮಲ್ಟಿಪ್ಲೈಯರ್" ಅಂತ ಮಗಳಿಗೆ ಹೇಳಿ ಎದ್ದಳು. ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ಹುಟ್ಟಾ ಉಳಿತಾಯಗಾರ್ತಿ. ಬಂದ ಗಿಫ್ಟಿನ ಕಾಗದವನ್ನು ಹಾಸಿಗೆ ಕೆಳಗಿಟ್ಟು ಇಸ್ತ್ರಿ ಮಾಡುವವಳು. "ಆ ಕನ್ನಡಕದ ಸಣಕಲು ಮನುಷ್ಯ ಹೇಳೋದೇ ಸರಿ ಕಣೋ" ಅಂದಳು. ನಾನು ಎದೆಯುಬ್ಬಿಸುವಷ್ಟರಲ್ಲಿ, "ಆದ್ರೆ ಬಟ್ಟೆ ಒಗೆಯೋದು ಯಾರು, ಅವನಾ?" ಅಂದಳು.

ಆ ಇಬ್ಬರ ಎರಡನೇ ವಿಡಿಯೊ 2011ರದು. ಅದರಲ್ಲಿ ಬಾಕ್ಸಿಂಗೇ ನಡೆಯುತ್ತದೆ. ಹಯೆಕ್ ಗುದ್ದಿದ ಗುದ್ದಿಗೆ ಕೇನ್ಸ್ ನೆಲಕ್ಕೆ ಬೀಳುತ್ತಾನೆ, ರೆಫ್ರಿ ಬಂದು ಬಿದ್ದವನ ಕೈಯನ್ನೇ ಎತ್ತಿ ಗೆದ್ದನೆಂದು ಸಾರುತ್ತಾನೆ. ಹಯೆಕ್ ಪಕ್ಷದವರೇ ಮಾಡಿದ ವಿಡಿಯೊ ಅಂತ ಬಲ್ಲವರು ಹೇಳುತ್ತಾರೆ. ಅವರವರ ಕಷ್ಟ ಅವರವರಿಗೆ. ಭಾನುವಾರ ಮಷೀನು ಬಂತು. ಕಂತಿನ ಮೇಲೆ.

ಬಂದ ಮೇಲಾದರೂ ಕೊನೆಯ ಮಾತು ನನ್ನದಿರಲಿ ಅಂತ ಹ್ಯಾನ್ಸ್ ರೋಸ್ಲಿಂಗ್ ಭಾಷಣ ಹಾಕಿದೆ. ಸ್ವೀಡನ್ನಿನ ಡಾಕ್ಟರು, ಅಂಕಿಅಂಶ ಹೇಳಿಯೇ ಸಭೆ ನಗಿಸುತ್ತಿದ್ದ ಮಹಾನುಭಾವ. 2010ರ ಆ ಭಾಷಣ ವಾಷಿಂಗ್ ಮಷೀನಿನ ಮೇಲೆಯೇ ಇದೆ. ಅವರ ಮನೆಗೆ ಮೊದಲ ಸಲ ಮಷೀನು ಬಂದ ದಿನ ಅಜ್ಜಿ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು ಬಟ್ಟೆ ತಿರುಗುವುದನ್ನು ಕೊನೆಯವರೆಗೂ ನೋಡಿದರಂತೆ. ಆಗ ಜಗತ್ತಿನ 700 ಕೋಟಿ ಜನರಲ್ಲಿ 200 ಕೋಟಿ ಜನರ ಮನೆಯಲ್ಲಷ್ಟೇ ಮಷೀನಿತ್ತು, ಮಿಕ್ಕ ಕಡೆ ಹೆಂಗಸರ ಕೈಯೇ ಮಷೀನು ಅನ್ನುವುದು ಅವರ ಲೆಕ್ಕ. ಮಷೀನಿನಿಂದ ಉಳಿದ ಹೊತ್ತಿನಲ್ಲಿ ಅಮ್ಮ ಮಗನನ್ನು ಲೈಬ್ರರಿಗೆ ಕರೆದುಕೊಂಡು ಹೋದಳು ಅಂತ ಹೇಳಿ, ಕೊನೆಗೆ ವೇದಿಕೆಯ ಮೇಲಿದ್ದ ಮಷೀನಿನೊಳಗೆ ಕೈಹಾಕಿ ಪುಸ್ತಕ ತೆಗೆದು ತೋರಿಸುತ್ತಾರೆ. ನನಗೆ ಗಂಟಲು ಕಟ್ಟಿತು. ನನ್ನಾಕೆಯ ಕಣ್ಣೂ ಒದ್ದೆಯಾಗಿರಬಹುದು ಅಂತ ತಿರುಗಿ ನೋಡಿದೆ.

"ನಮ್ಮನೆ ಮಷೀನಿಂದ ನಿಮ್ಮ ಒಂಟಿ ಕಾಲುಚೀಲ ಬಿಟ್ರೆ ಇದುವರೆಗೆ ಏನೂ ಈಚೆ ಬಂದಿಲ್ಲ" ಅಂದಳು.

ಆಮೇಲಿನ ಶನಿವಾರದಿಂದ ಅಮ್ಮ, ಮಗಳು, ನನ್ನಾಕೆ ಮೂವರೂ ಮಧ್ಯಾಹ್ನ ಲೈಬ್ರರಿಗೆ. ಮಷೀನು ಒಗೆದು ಮುಗಿಸಿದ ಮೇಲೆ ಪೀಂ ಪೀಂ ಅಂತ ಕೂಗುತ್ತದಲ್ಲ, ಕೂಗಿದಾಗ ಯಾರಾದರೂ ಮನೆಯಲ್ಲಿರಬೇಕಲ್ಲ? ನಾನೇ ಉಳಿದು ಮಷೀನಿನ ಬಾಗಿಲು ತೆಗೆದೆ. ನನ್ನದೇ ಪ್ಯಾಂಟಿನ ಜೇಬಿನಲ್ಲಿದ್ದ ಟಿಶ್ಯೂ ಪೇಪರು ಕರಗಿ, ಹರಿದು, ಅಕ್ಕಿನುಚ್ಚಿನಷ್ಟು ಸಣ್ಣಗಾಗಿ ಮಗಳ ಕಪ್ಪು ಕುರ್ತಾದಿಂದ ಹಿಡಿದು ಅಮ್ಮನ ನೀಲಿ ಸೀರೆಯವರೆಗೆ ಸಮನಾಗಿ ಹಂಚಿಕೆಯಾಗಿತ್ತು. ಸಂಪತ್ತಿನ ಸಮಾನ ಹಂಚಿಕೆ ನಾನು ಕಣ್ಣಾರೆ ಕಂಡದ್ದು ಅದೊಂದೇ. ಒಂದೊಂದನ್ನೂ ಉಗುರಲ್ಲಿ ಕೆರೆದು ತೆಗೆಯುತ್ತಾ ಸಂಜೆ ಮಾಡಿದೆ.

ಹೆಂಡತಿಗೆ ರಿಕಾರ್ಡೊ ತೋರಿಸಬಾರದಿತ್ತು. ನಿಮಗೂ ಕೈಮುಗಿದು ಹೇಳುತ್ತೇನೆ, ತೋರಿಸಬೇಡಿ. ಡೇವಿಡ್ ರಿಕಾರ್ಡೊ 1817ರಲ್ಲಿ ಬರೆದ ಲೆಕ್ಕವನ್ನು ಯಾರೋ ಪುಣ್ಯಾತ್ಮರು ಬೊಂಬೆಗಳನ್ನು ಕುಣಿಸಿ ಸೊಗಸಾಗಿ ತೋರಿಸಿದ್ದರು. ಒಂದಿಷ್ಟು ಬಟ್ಟೆ ನೇಯಲು ಇಂಗ್ಲೆಂಡಿಗೆ ವರ್ಷಕ್ಕೆ 100 ಆಳು ಬೇಕು, ಪೋರ್ಚುಗಲ್ಲಿಗೆ 90 ಸಾಕು. ದ್ರಾಕ್ಷಾರಸಕ್ಕೆ ಇಂಗ್ಲೆಂಡಿಗೆ 120, ಪೋರ್ಚುಗಲ್ಲಿಗೆ 80. ಅಂದರೆ ಎರಡರಲ್ಲೂ ಪೋರ್ಚುಗಲ್ಲೇ ಗಟ್ಟಿ. ಹಾಗಿದ್ದರೂ ಪೋರ್ಚುಗಲ್ ತನಗೆ ಬಹಳ ಚೆನ್ನಾಗಿ ಬರುವ ದ್ರಾಕ್ಷಾರಸ ಮಾಡಿಕೊಂಡು, ಇಂಗ್ಲೆಂಡಿಗೆ ಕಮ್ಮಿ ಕೆಟ್ಟದಾಗಿ ಬರುವ ಬಟ್ಟೆಯ ಕೆಲಸ ಬಿಟ್ಟುಕೊಟ್ಟರೆ ಇಬ್ಬರಿಗೂ ಲಾಭ. ಬೊಂಬೆ ಕುಣಿದು ಮುಗಿಯುವಷ್ಟರಲ್ಲಿ ನನ್ನಾಕೆ ಪೆನ್ನು ಕಾಗದ ತಗೊಂಡಿದ್ದಳು.

"ಸಾರು ಮಾಡೋಕೆ ನಂಗೆ ಇಪ್ಪತ್ತು ನಿಮಿಷ, ನಿಮಗೆ ಒಂದೂವರೆ ಗಂಟೆ, ಜೊತೆಗೆ ಒಲೆ ಒರೆಸೋಕೆ ಇನ್ನೊಬ್ಬರು. ಪಾತ್ರೆ ಉಜ್ಜೋಕೆ ನಂಗೆ ಹದಿನೈದು, ನಿಮಗೆ ಅರ್ಧ ಗಂಟೆ. ಎರಡರಲ್ಲೂ ನಾನೇ ಮುಂದೆ. ಆದ್ರೆ ನೀವು ಕಡಿಮೆ ಹಿಂದಿರೋದು ಪಾತ್ರೆಯಲ್ಲಿ."

ಅಂದಿನಿಂದ ಕೆಲಸದಾಕೆ ಬಾರದ ದಿನವೆಲ್ಲ ಸಿಂಕಿನ ಪಕ್ಕದಿಂದ ಕರೆ ಬರುತ್ತದೆ: "ಇಂಗ್ಲೆಂಡ್, ಬನ್ನಿ ಇಲ್ಲಿ."

ಅದೇ ಕೆಲಸದಾಕೆಯ ಸಂಬಳದ ಮಾತುಕತೆಯನ್ನಾದರೂ ನಾನೇ ನಡೆಸುತ್ತೇನೆ ಅಂತ ಹಟ ಹಿಡಿದೆ. ಹಿಂದಿನ ರಾತ್ರಿ ಹಣದುಬ್ಬರದ ಮೇಲೆ ಒಂದು ವ್ಯಂಗ್ಯಚಿತ್ರದ ವಿಡಿಯೊ ನೋಡಿ ಸಜ್ಜಾಗಿದ್ದೆ. ಹಣದುಬ್ಬರವನ್ನು 4 ಪರ್ಸೆಂಟಿನ ಆಸುಪಾಸಿನಲ್ಲಿಡಬೇಕು ಅಂತ 2016ರಲ್ಲೇ ಸರ್ಕಾರ ರಿಸರ್ವ್ ಬ್ಯಾಂಕಿಗೆ ಗುರಿ ಹಾಕಿಕೊಟ್ಟಿದೆ, ಎರಡು ಅತ್ತ, ಎರಡು ಇತ್ತ. ಹಾಗಾಗಿ ಸಂಬಳವೂ 4 ಪರ್ಸೆಂಟು ಏರಿದರೆ ಶಾಸ್ತ್ರಕ್ಕೆ ಸರಿ ಅಂತ ವಿವರಿಸಿದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಗೌರವದಿಂದಲೇ ಕೇಳಿದಳು.

"ಆ ಬ್ಯಾಂಕಿನೋರು ಟೊಮೆಟೊ ತಗೊಂತಾರಾ ಅಣ್ಣ?"

"ಅದೆಲ್ಲ ಸರಾಸರಿ ಲೆಕ್ಕಮ್ಮ. ಒಂದು ಏರುತ್ತೆ, ಇನ್ನೊಂದು ಇಳಿಯುತ್ತೆ."

"ನಮ್ಮನೇಲಿ ಇಳಿಯೋದು ಯಾವ್ದೂ ತರಲ್ಲ ಅಣ್ಣ. ಇರ್ಲಿ ಬಿಡಿ, ಎದುರು ರಸ್ತೇಲಿ ಹೊಸ ಅಪಾರ್ಟ್‌ಮೆಂಟ್ ಎದ್ದಿದೆಯಲ್ಲ, ಅಲ್ಲಿ ಮೂರು ಮನೇಲಿ ಕರೀತಾವ್ರೆ."

ಒಳಗೆ ಕುಕ್ಕರು ಮೂರು ಸಲ ಕೂಗಿತು. ನಾಲ್ಕನೇ ಕೂಗು ನನ್ನಾಕೆಯದು. ನಾನು 4ರ ಪಕ್ಕಕ್ಕೆ ಒಂದು ಸೊನ್ನೆ ಬೀಳದಂತೆ ನೋಡಿಕೊಂಡದ್ದೇ ದೊಡ್ಡ ಸಾಧನೆ. ಪೂರೈಕೆ, ಬೇಡಿಕೆ ಎರಡೂ ಗೆರೆ ಒಂದನ್ನೊಂದು ಕಡಿಯುವ ಚಿತ್ರವನ್ನು ಪರೀಕ್ಷೆಯಲ್ಲಿ ಸ್ಕೇಲು ಹಿಡಿದು ಬರೆದಿದ್ದೆ. ಅವು ಕಡಿಯುವ ಜಾಗ ನಮ್ಮ ಹಿತ್ತಲ ಬಾಗಿಲು ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಇಷ್ಟಾದರೂ ನನ್ನ ನೋಟ ನಿಲ್ಲಲಿಲ್ಲ. ನಗಿಸುವ ಪಾಠದ ತೊಂದರೆಯೇ ಇದು, ನಕ್ಕದ್ದೆಲ್ಲ ತಿಳಿದ ಹಾಗೆಯೇ ಅನ್ನಿಸುತ್ತದೆ. ಒಂದು ಪಾಠಕ್ಕೆ ದುಡ್ಡು ಬೇರೆ ಕಟ್ಟಿ, ಅದು ನೀರಸವಾಗಿದ್ದರೂ ಕಟ್ಟಿದ ತಪ್ಪಿಗೆ ಕೊನೆಯವರೆಗೂ ನೋಡಿದೆ. ಅದರ ಕೊನೆಯಲ್ಲಿ ಹೇಳಿದ್ದೇನೆಂದರೆ, ಕೈಬಿಟ್ಟುಹೋದ ಖರ್ಚಿನ ಮುಖ ನೋಡಿಕೊಂಡು ಮುಂದಿನ ನಿರ್ಧಾರ ಮಾಡಬಾರದು, ಲಾಭವಿಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಬೇಕು ಅಂತ. ಈ ತತ್ವವನ್ನು ಊಟಕ್ಕೆ ಕೂತಾಗ ಹೇಳಿದೆ. ನನ್ನಾಕೆ ಸೌಟು ಹಿಡಿದವಳು ಹಾಗೇ ನಿಂತು, ನನ್ನನ್ನು ತಲೆಯಿಂದ ಪಾದದವರೆಗೆ ಒಮ್ಮೆ ನೋಡಿದಳು. ಏನೂ ಅನ್ನಲಿಲ್ಲ. ನಾನು ಆ ವಿಷಯ ಮತ್ತೆ ಎತ್ತಿಲ್ಲ.

ಜಿಡಿಪಿ ವಿಷಯ ಎತ್ತಿದ್ದು ಚಿಕ್ಕಪ್ಪನ ಮನೆಯ ಗೃಹಪ್ರವೇಶದಲ್ಲಿ, ಪಂಕ್ತಿಯಲ್ಲಿ ಕೂತಿದ್ದಾಗ. ಕೇಂಬ್ರಿಡ್ಜಿನಲ್ಲಿದ್ದ ಪಿಗೂ ಅನ್ನುವ ಅರ್ಥಶಾಸ್ತ್ರಜ್ಞರು ಹಿಂದೆಯೇ ತೋರಿಸಿದ ತಮಾಷೆಯೊಂದಿದೆ. ಸಂಬಳಕ್ಕೆ ಮನೆ ನೋಡಿಕೊಳ್ಳುವ ಹೆಂಗಸನ್ನು ಯಜಮಾನ ಮದುವೆಯಾದರೆ ದೇಶದ ವರಮಾನ ಇಳಿಯುತ್ತದೆ. ಕೆಲಸ ಅದೇ, ಸಂಬಳ ಮಾತ್ರ ನಿಂತಿತಲ್ಲ, ಮನೆಯಲ್ಲಿ ಬಿಟ್ಟಿಯಾಗಿ ಮಾಡುವ ಕೆಲಸ ಜಿಡಿಪಿ ಲೆಕ್ಕಕ್ಕೆ ಸೇರುವುದಿಲ್ಲ. ಇದನ್ನು ಕೈಕಟ್ಟು ಬಾಯ್ಕಟ್ಟು ಇಲ್ಲದೆ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ರಸವತ್ತಾಗಿ ಹೇಳಿದೆ. ನಮ್ಮ ಸಾಲಿನ ಗಂಡಸರು ನಕ್ಕರು. ಎದುರು ಸಾಲಿನ ಹೆಂಗಸರು ನಗಲಿಲ್ಲ. ಬಡಿಸುತ್ತಿದ್ದ ಅತ್ತಿಗೆ ತುಪ್ಪದ ಮಿಳ್ಳೆಯನ್ನು ನನ್ನೆಲೆಯ ಮೇಲಿಂದ ಹಾಗೇ ಹಿಂದಕ್ಕೆ ತಗೊಂಡರು.

ಅಮ್ಮ ಮಾತ್ರ ನಿಜವಾದ ಕಾಳಜಿಯಿಂದ ಕೇಳಿದಳು, "ಹಾಗಾದ್ರೆ ನಿನ್ನ ಹೊತ್ತು ಹೆತ್ತು ಸಾಕಿದ್ದು ಯಾವ ಲೆಕ್ಕಕ್ಕೂ ಬರಲ್ವೇನೋ?"

"ಬರಲ್ಲಮ್ಮ."

"ಒಳ್ಳೇದೇ ಆಯ್ತು ಬಿಡು. ಬಂದಿದ್ರೆ ಸರ್ಕಾರಕ್ಕೆ ನಷ್ಟದ ಬಾಬ್ತು."

ಇಷ್ಟು ಪೆಟ್ಟು ತಿಂದವನು ಸುಮ್ಮನಿರಬೇಕಿತ್ತು. ಆದರೆ ಆ ಬೇಸಿಗೆಯಲ್ಲಿ ನನಗೆ ಬಿಲ್ ಫಿಲಿಪ್ಸ್ ಸಿಕ್ಕಿಬಿಟ್ಟರು. ನ್ಯೂಜಿಲೆಂಡಿನವರು. ಎಲೆಕ್ಟ್ರಿಷಿಯನ್ ಕೆಲಸ ಮಾಡಿದವರು, ಆಸ್ಟ್ರೇಲಿಯಾದಲ್ಲಿ ಮೊಸಳೆ ಬೇಟೆಯಾಡಿದವರು, ಯುದ್ಧದಲ್ಲಿ ಜಪಾನೀಯರ ಸೆರೆ ಅನುಭವಿಸಿದವರು. ಆಮೇಲೆ ಲಂಡನ್ನಿಗೆ ಓದಲು ಬಂದು, ಕ್ರಾಯ್ಡನ್ನಿನ ಒಂದು ಗ್ಯಾರೇಜಿನಲ್ಲಿ ಕೂತು, 1949ರಲ್ಲಿ ಆಳೆತ್ತರಕ್ಕೂ ಮಿಕ್ಕಿದ ಯಂತ್ರ ಕಟ್ಟಿದರು. ಪಾರದರ್ಶಕ ತೊಟ್ಟಿಗಳು, ಕೊಳವೆಗಳು, ಒಳಗೆ ಬಣ್ಣದ ನೀರು. ನೀರೇ ದೇಶದ ದುಡ್ಡು. ಮೇಲಿಂದ ವರಮಾನ ಇಳಿದು ಬರುತ್ತದೆ, ಒಂದು ಕವಲು ತೆರಿಗೆಗೆ, ಒಂದು ಉಳಿತಾಯಕ್ಕೆ, ಒಂದು ಆಮದಿಗೆ. ಸರ್ಕಾರದ ಖರ್ಚು, ಬಂಡವಾಳ, ರಫ್ತು ಅಂತ ಬೇರೆ ದಾರಿಯಲ್ಲಿ ಬಂದು ಮತ್ತೆ ಸೇರುತ್ತದೆ. ಕೆಳಗೆ ಬಿದ್ದದ್ದನ್ನು ಪಂಪು ಮತ್ತೆ ಮೇಲಕ್ಕೆ ಕಳಿಸುತ್ತದೆ. ಕೇಂಬ್ರಿಡ್ಜಿನಲ್ಲಿ ಇವತ್ತಿಗೂ ಅಂಥದೊಂದು ಕೆಲಸ ಮಾಡುತ್ತದೆ, ಅದು ಗುಳುಗುಳು ಅನ್ನುವುದನ್ನು ವಿಡಿಯೊದಲ್ಲಿ ನೋಡುತ್ತಾ ನನಗೆ ಮೈ ಜುಮ್ಮೆಂದಿತು. ಸಂಪು, ಮೋಟಾರು, ಮೇಲೆ ಟ್ಯಾಂಕು, ಆರು ಮನೆಗೆ ಆರು ವಾಲ್ವು. ಇಡೀ ಅರ್ಥವ್ಯವಸ್ಥೆ ನಮ್ಮ ಕಟ್ಟಡದ ಟೆರೇಸಿನ ಮೇಲೇ ಇದೆ!

ಭಾವಮೈದ ಬಂದದ್ದು ಆಮೇಲಿನ ಭಾನುವಾರ. ಷೇರು ಪೇಟೆಯ ಆಸಾಮಿ. ಊಟಕ್ಕೆ ಕೂತರೆ ನಿಫ್ಟಿ, ಕೈ ತೊಳೆದರೆ ಸೆನ್ಸೆಕ್ಸ್. ಅವನಿಗೊಂದು ಪಾಠ ಕಲಿಸಲೇಬೇಕಿತ್ತು. ಕೆಳಗೆ ಮೋಟಾರ್ ಸ್ವಿಚ್ ಒತ್ತಿ, ಮಗಳನ್ನೂ ಅವನನ್ನೂ ಟೆರೇಸಿಗೆ ಹತ್ತಿಸಿದೆ. ಅಲ್ಲಿ ಹಳೇ ಸೀರೆಯ ಮೇಲೆ ಅಮ್ಮನ ಸಾಬಕ್ಕಿ ಸಂಡಿಗೆ, ಪಕ್ಕದ ಚಾಪೆಯ ಮೇಲೆ ಎರಡನೇ ಮಹಡಿಯವರ ಬಾಳಕದ ಮೆಣಸಿನಕಾಯಿ ಸಾಲಾಗಿ ಒಣಗುತ್ತಿದ್ದವು.

"ನೋಡಪ್ಪ, ಟ್ಯಾಂಕಿನ ನೀರು ದೇಶದ ವರಮಾನ. ಈ ವಾಲ್ವು ತೆರಿಗೆ, ಇದು ಆಮದು, ಇದು ಬಳಕೆ. ಈಗ ಜನ ಹೆದರಿ ಉಳಿತಾಯಕ್ಕೆ ಬಿದ್ದರು ಅಂದ್ಕೋ. ಏನಾಗುತ್ತೆ?" ಅಂತ ಬಳಕೆಯ ವಾಲ್ವನ್ನು ತಿರುಗಿಸಿ ಮುಚ್ಚಿದೆ. ಎಲ್ಲರೂ ಒಟ್ಟಿಗೆ ಕೈ ಬಿಗಿ ಹಿಡಿದರೆ ಎಲ್ಲರ ವರಮಾನವೂ ಕುಸಿದು, ಉಳಿತಾಯಕ್ಕೂ ಗತಿಯಿಲ್ಲದಂತಾಗುತ್ತದೆ ಅನ್ನುವ ಕೇನ್ಸ್ ಸಾಹೇಬರ ಮಾತನ್ನು ಕೈಯಾಡಿಸಿಕೊಂಡು ವಿವರಿಸತೊಡಗಿದೆ. ಮೆಟ್ಟಿಲ ಮೇಲೆ ದಬದಬ ಸದ್ದಾಯಿತು. ಮೊದಲ ಮಹಡಿಯ ರಾಯರು. ಸೊಂಟಕ್ಕೆ ಟವೆಲು, ತಲೆತುಂಬ ಶ್ಯಾಂಪೂ ನೊರೆ, ಒಂದು ಕಣ್ಣು ಮುಚ್ಚಿದೆ.

"ಏನ್ ಸಾರ್ ಇದು, ನೀರು ನಿಂತೋಯ್ತು?"

"ಉಳಿತಾಯ ಜಾಸ್ತಿ ಆದಾಗ ಹೀಗಾಗುತ್ತೆ" ಅಂದಳು ಮಗಳು.

ನಾನು ವಾಲ್ವಿಗೆ ಕೈ ಹಾಕುವಷ್ಟರಲ್ಲಿ ಭಾವಮೈದ ಗದ್ದ ಕೆರೆದುಕೊಂಡು, "ಎಲ್ಲ ಸರಿ ಭಾವ, ಇದರಲ್ಲಿ ಹಣದುಬ್ಬರ ಎಲ್ಲಿ ಕಾಣುತ್ತೆ?" ಅಂದ. ಒಳ್ಳೆಯ ಪ್ರಶ್ನೆ. ವಿಡಿಯೊದಲ್ಲಿ ಆ ಭಾಗ ಬರುವ ಹೊತ್ತಿಗೆ ನಾನು ತೂಕಡಿಸಿದ್ದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಏರಿಸಿಕೊಂಡು, "ಸ್ವಲ್ಪ ಕಾದು ನೋಡೋಣ" ಅಂದೆ. ಹೆಚ್ಚು ಕಾಯಬೇಕಾಗಲಿಲ್ಲ. ಟ್ಯಾಂಕಿನ ಬಾಲ್ ಕಾಕ್ ಕೆಟ್ಟು ಎಷ್ಟೋ ದಿನವಾಗಿತ್ತಂತೆ. ಮೇಲಿನ ಪೈಪಿನಿಂದ ಧೋ ಅಂತ ಸುರಿದ ನೀರು ಮೊದಲು ಸಂಡಿಗೆಯನ್ನು ಗಂಜಿ ಮಾಡಿ, ಆಮೇಲೆ ಬಾಳಕದ ಮೆಣಸಿನಕಾಯಿಗಳನ್ನು ಒಂದರ ಹಿಂದೊಂದರಂತೆ ಮಳೆನೀರಿನ ಕೊಳವೆಗೆ ಹೊತ್ತೊಯ್ಯಿತು. ಮೋಟಾರ್ ಸ್ವಿಚ್ಚು ಮೂರು ಮಹಡಿ ಕೆಳಗೆ. ನಾನು ಓಡಿದೆ. ಅಮ್ಮ ಮೇಲೆ ಬರುತ್ತಿದ್ದಳು. ನಡುವೆ ಎದುರಾದೆವು. ಆ ಭೇಟಿಯ ವಿವರ ಬೇಡ.

ಸಂಪಿನ ಮುಚ್ಚಳದ ಪಕ್ಕದ ಗೋಡೆಗೆ ಯಾರೋ ಹಳೇ ಪತ್ರಿಕೆಯ ಕಟಿಂಗ್ ಅಂಟಿಸಿದ್ದರು. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೊರಡಿಸಿದ ಆದೇಶ. ಅರ್ಥವ್ಯವಸ್ಥೆ ತೊಳೆದರೆ ಎಷ್ಟು ಅಂತ ಅದರಲ್ಲಿ ಇರಲಿಲ್ಲವಾದ್ದರಿಂದ ರಾಯರು ಸಂಜೆ ಆರೂ ಮನೆಯವರ ಮೀಟಿಂಗ್ ಕರೆದರು. ಫಿಲಿಪ್ಸರ ಯಂತ್ರವೂ ಆಗಾಗ ಸೋರುತ್ತಿತ್ತು ಅಂತ ನಾನು ಸಮಜಾಯಿಷಿ ಕೊಟ್ಟೆ. ಆ ಪುಣ್ಯಾತ್ಮರು ಮುಂದೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲೇ ಪ್ರೊಫೆಸರ್ ಆದರು, 1958ರಲ್ಲಿ, ಅಂತಲೂ ಸೇರಿಸಿದೆ. ಎರಡನೇ ಮಹಡಿಯವರು ಬಾಳಕದ ಲೆಕ್ಕ ಕೇಳಿದರು.

ಮಗಳ ಫಲಿತಾಂಶ ಬಂತು, ಅರ್ಥಶಾಸ್ತ್ರದಲ್ಲಿ ತೊಂಬತ್ತರ ಮೇಲೆ. ಯಾವ ವಿಡಿಯೊ ಉಪಯೋಗಕ್ಕೆ ಬಂತು ಅಂತ ಭಾವಮೈದನೆದುರೇ ಕೇಳಿದೆ. "ಟೆಕ್ಸ್ಟ್‌ಬುಕ್ ಓದ್ದೆ ಅಪ್ಪ" ಅಂದಳು, ಬೇಜಾರು ಮಾಡಿಕೊಳ್ಳಬಾರದು ಅನ್ನುವ ದನಿಯಲ್ಲಿ.

ನನಗೂ ಹುದ್ದೆ ಸಿಕ್ಕಿತು ಅನ್ನಿ. ಮೀಟಿಂಗಿನ ನಡಾವಳಿಯನ್ನು ರಾಯರು ಸುಂದರವಾದ ಅಕ್ಷರದಲ್ಲಿ ಬರೆದು ಲಿಫ್ಟಿನ ಪಕ್ಕ ಅಂಟಿಸಿದ್ದಾರೆ. ದಿನಾ ಬೆಳಿಗ್ಗೆ, ಸಂಜೆ ಮೋಟಾರು ಹಾಕಿ, ಟ್ಯಾಂಕು ತುಂಬುವವರೆಗೆ ಪಕ್ಕದಲ್ಲೇ ನಿಂತು, ಆರಿಸುವ ಉಸ್ತುವಾರಿ ಮೂರನೇ ಮಹಡಿಯವರದು, ಗೌರವಧನ ಇರುವುದಿಲ್ಲ. ನನ್ನಾಕೆ ಅದನ್ನು ಪೂರ್ತಿ ಓದಿ, ನನ್ನ ಹೆಗಲು ತಟ್ಟಿದಳು.

"ಗೌರವಧನ ಇಲ್ಲ ಅಂದ್ಮೇಲೆ ಜಿಡಿಪಿಗೂ ಸೇರಲ್ಲ ಬಿಡಿ."